‘ತಪ್ಪಾಯ್ತು’ ಅನ್ನುವ ಮೊದಲು ಗೋವಿಂದಯ್ಯನವರಿಗೊಂದು ಫೋನು

ಬೆಳಗಿನ ಐದು ಗಂಟೆ. ಭರಮಸಾಗರದ ಕೆರೆ ಏರಿಯ ಮೇಲೆ ಗೋವಿಂದಯ್ಯ ಕಿವಿಗೆ ಫೋನು ಒತ್ತಿಕೊಂಡು ಕುಳಿತಿದ್ದಾರೆ. ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲ. ಆ ತುದಿಯ ಸಿಪಾಯಿಗೆ ಬೆಳಗಿನ ಪರೇಡಿಗೆ ಮುಂಚಿನ ಇಪ್ಪತ್ತು ನಿಮಿಷ ಬಿಟ್ಟರೆ ಬಿಡುವಿಲ್ಲ. ಪಕ್ಕದಲ್ಲಿ, ಹಿಂದಿನ ದಿನವೇ ತುರುವನೂರಿನಿಂದ ಬಂದಿರುವ ಚೈತ್ರಾ. ಫೋನಿನಲ್ಲಿರುವುದು ಅವಳ ತಮ್ಮ ಮಾರುತೇಶ್. ತಾಯಿಗೆ ಗರ್ಭಕೋಶದ ಆಪರೇಷನ್ ಆದದ್ದರಿಂದ, ರಜೆ ಮುಗಿದ ಮೇಲೆ ನಲವತ್ತೊಂದು ದಿನ ತಡವಾಗಿ ಪಲ್ಟನ್ನಿಗೆ ಮರಳಿದವನು. ಇನ್ನು ನಾಲ್ಕು ದಿನಕ್ಕೆ ಅವನ ಕೋರ್ಟ್ ಮಾರ್ಷಲ್. ನೌಕರಿ ಹೋಗಬಹುದು, ಒಂದು ವರ್ಷದವರೆಗೆ ಜೈಲೂ ಆಗಬಹುದು.

“ಏನಂತ ಹೇಳ್ತೀಯಪ್ಪ ಅಲ್ಲಿ?”

“ತಪ್ಪಾಯ್ತು ಅಂತೀನಿ ಸಾರ್. ನಮ್ ದೊಡ್ಡ ಸಾಹೇಬ್ರು ಒಳ್ಳೇರು.”

“ಒಳ್ಳೇರೇ ಇರ್ಲಿ ಬಿಡು. ಆಪರೇಷನ್ ಕಾಗದ ಕೊಟ್ಟಿದೀಯಾ?”

“ಅವ್ವನ ಗರ್ಭಕೋಶದ ವಿಷ್ಯ ಸಾಹೇಬ್ರ ಮುಂದೆ ಹೆಂಗ್ ಹೇಳ್ಲಿ ಸಾರ್?”

“ಲೇ, ಗಡಿಯಾಗೆ ಬಂದೂಕ ಹಿಡ್ಕಂಡು ನಿಂತ್ಕಂತೀಯ, ಹೆತ್ತವ್ವನ ಕಾಯಿಲೆ ಹೇಳಾಕೆ ನಾಚಿಕೇನಾ?”

ಪರೇಡಿನ ಸೀಟಿ ಕೇಳುತ್ತದೆ. ಕರೆ ಕಡಿದುಹೋಗುತ್ತದೆ.

ಐವತ್ತೆಂಟರ ಗೋವಿಂದಯ್ಯ ನಿವೃತ್ತ ಹವಾಲ್ದಾರ್, ಪಲ್ಟನ್ನಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಈಗ ದಾವಣಗೆರೆ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ. ಆರೋಪಕ್ಕೆ ಸಿಕ್ಕ ಸಿಪಾಯಿಗಳಿಗೆ ಅವರ ಹಕ್ಕುಗಳನ್ನು ಬಿಡಿಸಿ ಹೇಳುವ ಕೆಲಸಕ್ಕೆ ಬೋರ್ಡೂ ಇಲ್ಲ, ಫೀಸೂ ಇಲ್ಲ. ಹನ್ನೊಂದು ವರ್ಷದಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅರವತ್ತಮೂರು ಮನೆಯವರು ಇವರನ್ನು ಹುಡುಕಿಕೊಂಡು ಬಂದಿದ್ದಾರೆ. ಬಹುತೇಕರು ಬಂದದ್ದು ಶಿಕ್ಷೆಯಾದ ಮೇಲೆ.

ಅಂಗಡಿಯಲ್ಲಿ ಕುಳಿತು ಚೈತ್ರಾ ಒಂದೊಂದೇ ಕೇಳುತ್ತಾಳೆ, ಗೋವಿಂದಯ್ಯ ಬಿಡಿಸಿ ಹೇಳುತ್ತಾರೆ. ದೊಡ್ಡ ಕೋರ್ಟ್ ಮಾರ್ಷಲ್‌ಗಳಲ್ಲಿ ಹಲವು ಅಧಿಕಾರಿಗಳು ಕೂರುತ್ತಾರೆ, ವಕೀಲರಿಗೂ ಅವಕಾಶವಿದೆ. ಮಾರುತೇಶನದು ಸಮ್ಮರಿ ಕೋರ್ಟ್ ಮಾರ್ಷಲ್. ಅಲ್ಲಿ ಪಲ್ಟನ್ನಿನ ಮುಖ್ಯಸ್ಥರೊಬ್ಬರೇ ಕೋರ್ಟು.

“ಇವನ ಮ್ಯಾಲಿನ ಸಾಹೇಬ್ರೇ ಜಡ್ಜಾ?” ಚೈತ್ರಾಳ ಕೈಯಲ್ಲಿನ ಟೀ ಲೋಟ ಅಲ್ಲೇ ನಿಲ್ಲುತ್ತದೆ. “ಮತ್ತೆ ವಕೀಲ್ರು?”

“ಇಲ್ಲವ್ವ. ಗೆಳೆಯ ಅಂತ ಒಬ್ಬನ್ನ ಪಕ್ಕದಾಗೆ ಕುಂದ್ರಿಸ್ಕಬೋದು. ಅವನು ಇವನ ಕಿವಿಯಾಗೆ ಹೇಳ್ಬೋದು, ಕೋರ್ಟಿನ ಮುಂದೆ ಬಾಯಿ ಬಿಡಂಗಿಲ್ಲ.”

ಹಾಗಾದರೆ ಹುಡುಗನ ಕೈಯಲ್ಲಿ ಏನಿದೆ? ಇದೆ ಎನ್ನುತ್ತಾರೆ ಗೋವಿಂದಯ್ಯ. ಆರೋಪಪಟ್ಟಿಯ ಪ್ರತಿ ಮೊದಲೇ ಸಿಗಬೇಕು, ಸಾಮಾನ್ಯವಾಗಿ ತೊಂಬತ್ತಾರು ಗಂಟೆ ಮುಂಚೆ. ಸಾಕ್ಷಿಗಳನ್ನು ಪ್ರಶ್ನಿಸಬಹುದು, ತನ್ನ ಸಾಕ್ಷಿಗಳನ್ನು ಕರೆಸಬಹುದು. ರಜೆ ಮೀರಿದ್ದಕ್ಕೆ ‘ಸಾಕಷ್ಟು ಕಾರಣ’ ಇದ್ದರೆ ಅದು ಅಪರಾಧವೇ ಅಲ್ಲ. ತಪ್ಪೊಪ್ಪಿಕೊಂಡರೆ ಏನಾಗುತ್ತದೆ ಎಂದು, ಒಪ್ಪಿಗೆ ದಾಖಲಿಸುವ ಮೊದಲೇ ಕೋರ್ಟು ವಿವರಿಸಬೇಕು.

ಈ ಕೊನೆಯ ನಿಯಮ ಹೇಳುವಾಗ ಅವರ ದನಿ ಇಳಿಯುತ್ತದೆ. ಸೇವೆಯಲ್ಲಿದ್ದಾಗ ಅವರು ಟೈಪ್ ಮಾಡಿದ ಇಂಥ ವಿಚಾರಣೆಗಳು ಹತ್ತೊಂಬತ್ತು. ಅದರಲ್ಲೊಂದು ಹಿರಿಯೂರು ಕಡೆಯ ಓಬಯ್ಯನದು. ಹನ್ನೆರಡು ವರ್ಷ ಸೇವೆ ಮಾಡಿದ್ದ ಸಿಪಾಯಿ. ಕೈ ಮುಗಿದು, ತಿಳಿದಷ್ಟು ಹಿಂದಿಯಲ್ಲಿ ತಪ್ಪಾಯ್ತು ಅಂದ. ಹನ್ನೊಂದೇ ನಿಮಿಷ: ನೌಕರಿಯಿಂದ ವಜಾ, ಮೂರು ತಿಂಗಳ ಜೈಲು.

“ಹೊರಗ್ ಬಂದು ನನ್ನ ಕೇಳ್ದ, ‘ಅಣ್ಣಾ, ದಂಡ ಎಷ್ಟು ಕಟ್ಬೇಕು?’ ಅಂತ.”

ಓಬಯ್ಯನಿಗೆ ಗೊತ್ತಿದ್ದ ನ್ಯಾಯ ಅವನ ಕುಲದ ಕಟ್ಟೆಮನೆಯದು. ಅಲ್ಲಿ ಹಿರಿಯರೆದುರು ತಪ್ಪಾಯ್ತು ಎಂದು ಅಡ್ಡಬಿದ್ದು, ತಪ್ಪುಕಾಣಿಕೆ ಇಟ್ಟರೆ ಮಾತು ಮುಗಿಯಿತು. ವಾದಿಸಿದವನೇ ಅಲ್ಲಿ ಕೆಟ್ಟವನು. ಪಲ್ಟನ್ನಿನಲ್ಲಿ ಅದೇ ಮಾತು ತಪ್ಪೊಪ್ಪಿಗೆಯಾಗಿ ದಾಖಲಾಗಿ, ವಿಚಾರಣೆಯೇ ಮುಗಿದುಹೋಯಿತು.

“ಒಪ್ಪಿಗೆಯ ಪರಿಣಾಮ ವಿವರಿಸಲಾಗಿದೆ ಅನ್ನೋ ಸಾಲು ಐತಲ್ಲ,” ಗೋವಿಂದಯ್ಯ ಮೇಜಿನತ್ತ ನೋಡುತ್ತಾ ಹೇಳುತ್ತಾರೆ, “ಅದನ್ನ ನಾನು ಹಿಂದಿನ ದಿನಾನೇ ಟೈಪ್ ಮಾಡಿ ಇಟ್ಟಿದ್ದೆ. ಯಾರೂ ವಿವರ್ಸಲಿಲ್ಲ. ಎಲ್ರುದ್ದೂ ಹಂಗೇ ಮಾಡ್ತಿದ್ದೆ.”

ಚೈತ್ರಾ ಅವರ ಮುಖವನ್ನೇ ನೋಡುತ್ತಾಳೆ. “ಓದ್ಕಂಡೋರು ನೀವು. ಸುಳ್ಳು ಅಂತ ಅನ್ನಿಸ್ಲಿಲ್ವಾ ಸಾರ್?”

“ಫಾರಂ ಅನ್ನಿಸ್ತಿತ್ತವ್ವ. ಬರೀ ಫಾರಂ.”

ಉಳಿದ ಮೂರೂ ಬೆಳಗು ಅದೇ ಏರಿ, ಅದೇ ಇಪ್ಪತ್ತು ನಿಮಿಷ. ಚೈತ್ರಾ ತಂದಿದ್ದ ಆಸ್ಪತ್ರೆಯ ಚೀಟಿಗಳನ್ನು ಗೋವಿಂದಯ್ಯ ದಿನಾಂಕದ ಪ್ರಕಾರ ಜೋಡಿಸಿ, ಫೋಟೊ ತೆಗೆದು ಅವನ ಫೋನಿಗೆ ಕಳಿಸಿ, ಪ್ರಿಂಟ್ ತೆಗೆಸಿಕೋ ಎನ್ನುತ್ತಾರೆ. ನಲವತ್ತೊಂದರಲ್ಲಿ ಮೂವತ್ತೈದು ದಿನಕ್ಕೆ ದಾಖಲೆ ಇದೆ, ಆರಕ್ಕಿಲ್ಲ. ಆ ಆರನ್ನು ಮುಚ್ಚಿಡಬೇಡ ಎಂದೂ ಹೇಳುತ್ತಾರೆ. “ಸಾಹೇಬ್ರಿಗೆ ಎದುರಾಡ್ದಂಗ್ ಆಗಲ್ವಾ ಸಾರ್?” ಮಾರುತೇಶನದು ಒಂದೇ ಅಳುಕು. “ಎದುರಾಡೋದಲ್ಲ ತಮ್ಮ, ಉತ್ತರ ಕೊಡೋದು. ಆಪಾದನೆ ಒಪ್ಪಲ್ಲ ಅನ್ನು, ಕಾಗದ ಮುಂದಿಡು.”

ವಿಚಾರಣೆಯ ದಿನ ಅಂಗಡಿಯ ಜೆರಾಕ್ಸ್ ಯಂತ್ರವನ್ನು ಗೋವಿಂದಯ್ಯ ಆನ್ ಮಾಡುವುದೇ ಇಲ್ಲ. ಮಧ್ಯಾಹ್ನದವರೆಗೂ ಫೋನಿಲ್ಲ. ಹನ್ನೊಂದು ನಿಮಿಷದಲ್ಲಿ ಮುಗಿದಿಲ್ಲವೆಂದರೆ ಒಳ್ಳೆಯದೇ ಎಂದು ಗೋವಿಂದಯ್ಯ ಎರಡು ಸಲ ಹೇಳುತ್ತಾರೆ. ಮೂರೂವರೆಗೆ ಮಾರುತೇಶನ ಜೊತೆಯವನು ಸುದ್ದಿ ಮುಟ್ಟಿಸುತ್ತಾನೆ. ಹುಡುಗ ಆಪಾದನೆ ಒಪ್ಪಲಿಲ್ಲ. ಸಾಹೇಬರು ಪೆನ್ನು ಕೆಳಗಿಟ್ಟು ‘ಯಾಕೆ?’ ಎಂದು ಕೇಳಿದರಂತೆ. ಅವನು ತಾಯಿಯ ಕಾಯಿಲೆಯ ಹೆಸರು ಹೇಳಿ ಕಾಗದ ಕೊಟ್ಟ. ಆರು ದಿನಕ್ಕೆ ಮಾತ್ರ ತಪ್ಪಿತಸ್ಥ, ಹದಿನಾಲ್ಕು ದಿನ ಪಲ್ಟನ್ನಿನಲ್ಲೇ ಸೆರೆ. ನೌಕರಿ ಉಳಿದಿದೆ.

“ಹದಿನಾಲ್ಕು ದಿನ ಒಳಗಿರ್ತಾನಲ್ಲ,” ಕಣ್ಣೊರೆಸಿಕೊಳ್ಳುತ್ತಾ ಚೈತ್ರಾ ಕೇಳುತ್ತಾಳೆ, “ಇದು ಗೆದ್ದಂಗಾ ಸಾರ್?”

ಗೋವಿಂದಯ್ಯ ಯಂತ್ರದ ಸ್ವಿಚ್ ಒತ್ತುತ್ತಾರೆ. “ಸಾಹೇಬ್ರು ಯಾಕೆ ಅಂತ ಕೇಳಿದ್ರಂತಲ್ಲವ್ವ. ಹತ್ತೊಂಬತ್ತು ಕೇಸು ಟೈಪ್ ಮಾಡಿದೀನಿ ನಾನು. ಒಂದ್ರಾಗೂ ಆ ಪ್ರಶ್ನೆ ಇರ್ಲಿಲ್ಲ.”