ಕಟಕ್ ಎನ್ನದ ಕತ್ತು

ಗುಡೇಕೋಟೆಯಲ್ಲಿ ಕೈಕಾಲು ಉಳುಕಿದವರು ಆಸ್ಪತ್ರೆಗಿಂತ ಮೊದಲು ಜಂಬಯ್ಯನ ಮನೆಗೆ ಬರುತ್ತಿದ್ದರು. ಎಲುಬಿನ ವಿದ್ಯೆಯಲ್ಲಿ ಅವನಿಗೆ ಗುರುಗಳೆಂದರೆ ಅವನ ಕುರಿಗಳೇ. ಮರಿಗಳ ಮುರಿದ ಕಾಲು ಕಟ್ಟಿ ಕಟ್ಟಿ ಮನುಷ್ಯರವರೆಗೆ ಬಂದಿದ್ದ. ಎಳೆದು ತಿರುವಿದಾಗ ಕೀಲು 'ಕಟಕ್' ಎನ್ನಬೇಕು. ಎನ್ನದಿದ್ದರೆ ಬಂದವರು ಅವನ ಮನೆಯ ಕಟ್ಟೆ ಬಿಟ್ಟು ಏಳುತ್ತಲೇ ಇರಲಿಲ್ಲ.

ಮಗ ರಾಮಾಂಜಿನಿ ವಾರವೆಲ್ಲ ಕೂಡ್ಲಿಗಿಯ ಹಿಟ್ಟಿನ ಗಿರಣಿಯಲ್ಲಿ ದುಡಿದು, ಭಾನುವಾರ ಬಳ್ಳಾರಿಯ ಬಸ್ಸು ಹತ್ತುತ್ತಿದ್ದ. ತೊಂಬತ್ತೆಂಟರ ಸುಮಾರಿಗೆ ಅಲ್ಲಿ ಆಸ್ಟಿಯೋಪಥಿ ಎಂಬ ಎಲುಬು-ಕೀಲಿನ ಕೈಚಿಕಿತ್ಸೆಯ ತರಗತಿ ನಡೆಯುತ್ತಿತ್ತು. ಅಪ್ಪನ ವಿದ್ಯೆಗೊಂದು ಸರ್ಟಿಫಿಕೇಟು ಸಿಕ್ಕರೆ ಸಾಕೆಂದು ಹೋದವನಿಗೆ ಅಲ್ಲಿ ಮೊದಲು ಕಲಿಸಿದ್ದು ಯಾರನ್ನು ಮುಟ್ಟಬಾರದು ಎಂಬುದನ್ನು. ಕತ್ತಿಗೆ ಪೆಟ್ಟಾಗಿ ಬೆರಳಲ್ಲಿ ಕಸುವಿಲ್ಲದಿದ್ದರೆ ತಿರುವಬೇಡಿ, ಕೈ ಶಾಶ್ವತವಾಗಿ ಹೋದೀತು ಎಂದರು ಮೇಷ್ಟ್ರು. ರಾಮಾಂಜಿನಿಗೆ ಊರಿನ ಹಳೆಯದೊಂದು ಘಟನೆ ನೆನಪಾಯಿತು. ಪಕ್ಕದ ಮನೆಯ ಬೊಮ್ಮಮ್ಮ ಹುಣಸೆಮರದಿಂದ ಬಿದ್ದಾಗ ಅಪ್ಪ ಅವಳ ಕತ್ತು ತಿರುವಿದ್ದ. ಆಮೇಲೆ ಅವಳ ಎಡಗೈ ಮೇಲೇಳಲೇ ಇಲ್ಲ. ಬಿದ್ದದ್ದಕ್ಕೇ ಹೋಯಿತೆಂದು ಊರೂ ನಂಬಿತ್ತು, ಅಪ್ಪನೂ ನಂಬಿದ್ದ. ಇದನ್ನು ಅಪ್ಪನ ಮುಂದೆ ಹೇಗೆ ಬಾಯಿಬಿಡುವುದು? ಇವತ್ತು ನಾಳೆ ಎಂದು ದಿನ ತಳ್ಳಿದ.

ಹೀಗಿರುವಾಗ ಒಂದು ಬೆಳಿಗ್ಗೆ, ರಾಮಾಂಜಿನಿ ಗಿರಣಿಗೆ ಹೊರಡುವ ಮೊದಲೇ, ಜಂಬಯ್ಯನೇ ಮೇವಿನ ಗಾಡಿಯಿಂದ ತಲೆಕೆಳಗಾಗಿ ಬಿದ್ದ. ಅಂಗಳದ ತುಂಬ ಜನ ಸೇರಿದರು.

"ತಿರುವಲೇ ರಾಮ. ಕಟಕ್ ಅಂದ್ರ ಎದ್ದು ಕುಂದ್ರತೀನಿ."

"ಅಪ್ಪಾ, ನನ್ನ ಬೆರಳು ಗಟ್ಟ್ಯಾಗಿ ಹಿಡಿ."

"ಹಿಡಿದೀನಲ್ಲಲೇ!"

ಹಿಡಿದಿರಲಿಲ್ಲ. ಬೆರಳುಗಳು ಸಡಿಲವಾಗಿ ಬಿದ್ದುಕೊಂಡಿದ್ದವು. ಮೇಷ್ಟ್ರು ಹೇಳಿದ್ದ ಲಕ್ಷಣ ಇದೇ.

"ನಾ ತಿರುವಂಗಿಲ್ಲ. ಬಳ್ಳಾರಿ ದವಾಖಾನಿಗೆ ಒಯ್ತೀನಿ."

"ಎಲುಬು ಕಟ್ಟೋ ಜಂಬಯ್ಯ ದವಾಖಾನಿಗೆ? ನನ್ನ ಮಾನ ಕಳೀತೀಯೇನಲೇ?"

"ಇಷ್ಟು ದಿನ ಹೋಗಿ ಏನು ಕಲ್ತಿಯಪ್ಪಾ?" ಎಂದು ಯಾರೋ ಕುಟುಕಿದರು.

ರಾಮಾಂಜಿನಿ ಬಾಗಿಲು ಕಿತ್ತು ತಂದು, ಅಪ್ಪನನ್ನು ಅದರ ಮೇಲೆ ಮಲಗಿಸಿ, ಟೆಂಪೊದಲ್ಲಿ ಹೊರಟ. ದಾರಿಯುದ್ದಕ್ಕೂ ಆ ತಲೆ ಅಲುಗದಂತೆ ಎರಡು ಅಂಗೈಗಳಲ್ಲಿ ಹಿಡಿದಿದ್ದ. ಗುಂಡಿ ಬಂದಾಗಲೆಲ್ಲ ಹಿಡಿತ ಬಿಗಿ ಮಾಡುತ್ತಿದ್ದ. ತನ್ನ ಅರ್ಧಂಬರ್ಧ ಕಲಿಕೆ ತಪ್ಪಾಗಿದ್ದರೆ?

ಎಕ್ಸ್‌ರೇ ನೋಡಿದ ಡಾಕ್ಟರು, "ಕತ್ತಿನ ಎಲುಬು ಬಿರುಕು ಬಿಟ್ಟೈತಿ. ಪುಣ್ಯಕ್ಕ ಯಾರೂ ತಿರುವಿಲ್ಲ. ಕೈ ಉಳೀತಾವ," ಎಂದರು.

ರಾಮಾಂಜಿನಿ ಗೋಡೆಗೊರಗಿ ಅತ್ತುಬಿಟ್ಟ. ಜಂಬಯ್ಯನ ಮುಖ ಮಾತ್ರ ಅರಳಲಿಲ್ಲ. ಕತ್ತಿಗೆ ಪಟ್ಟಿ ಬಿಗಿದಿದ್ದರಿಂದ ಮಗನ ಕಡೆ ಹೊರಳಲಾಗದೆ, ಮೇಲಿನ ಫ್ಯಾನು ನೋಡುತ್ತಲೇ ಕೇಳಿದ:

"ಹಂಗಾರ ಬೊಮ್ಮಮ್ಮನ ಕೈ... ಬಿದ್ದದ್ದಕ್ಕ ಹೋಗಿದ್ದಲ್ಲೇನಲೇ?"

ರಾಮಾಂಜಿನಿ ಅಪ್ಪನ ಬೆರಳು ಹಿಡಿದುಕೊಂಡು ಕೂತ. ಸುಳ್ಳು ಹೇಳಲು ಬಾಯಿ ಬರಲಿಲ್ಲ.