ಸುಮ್ಮನೆ ಕುಳಿತವಳ ಚಿತ್ರ

ಒಳ್ಳೆಯ ಚಿತ್ರವೊಂದು ಕಣ್ಣಿಗೆ ಬಿದ್ದರೆ ಅದನ್ನು ನಾಲ್ಕು ಜನರಿಗೆ ತೋರಿಸುವ ತನಕ ನನಗೆ ಉಂಡದ್ದು ಅರಗುವುದಿಲ್ಲ. ಉದಗೀರದಲ್ಲಿ ನನ್ನದು ಬಟ್ಟೆಯ ಅಂಗಡಿ. ಮುಂಬಯಿ ಗಿರಣಿಗಳಿಂದ ಬರುವ ಬಟ್ಟೆಯ ಸುತ್ತುಗಳ, ಅಂದರೆ ಥಾನುಗಳ ಮೇಲೆ ಅಂಗೈಯಗಲದ ಬಣ್ಣದ ಚಿತ್ರಗಳನ್ನು ಅಂಟಿಸಿರುತ್ತಾರೆ. ಗಿರಾಕಿ ಬಟ್ಟೆ ನೋಡುತ್ತಾನೆ, ನಾನು ಚಿತ್ರ ನೋಡುತ್ತೇನೆ. ವ್ಯಾಪಾರ ಏಕೆ ಏಳಿಗೆಯಾಗಲಿಲ್ಲ ಎಂದು ಇನ್ನು ನೀವು ಕೇಳಬೇಕಾಗಿಲ್ಲ.

ಒಮ್ಮೆ ಸೀರೆಗಳ ಜೊತೆಗೆ ದೊಡ್ಡದೊಂದು ಚಿತ್ರ ಬಂತು. ಒಬ್ಬ ಹೆಂಗಸು ತಲೆಯ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ಸುಮ್ಮನೆ ಕುಳಿತಿದ್ದಾಳೆ. ಗಿರಣಿಯವನಿಗೆ ಬೇಕಾದದ್ದು ಸೀರೆ. ಚಿತ್ರಗಾರ ದಣಿವನ್ನು ಬರೆದುಬಿಟ್ಟಿದ್ದ. ನಮ್ಮ ಕಾಲದಲ್ಲೇ, ನಮ್ಮ ಹಾಗೆಯೇ ರೊಟ್ಟಿ ತಿಂದುಕೊಂಡು ಮುಂಬಯಿಯಲ್ಲಿ ಯಾವನೋ ಇದನ್ನು ಬರೆಯುತ್ತಿದ್ದಾನಲ್ಲ ಎಂದು ನನಗೆ ತುಂಬ ಸಂತೋಷವಾಯಿತು.

ಉಮರ್ಗಾಕ್ಕೆ ಕೊಟ್ಟ ನಮ್ಮಕ್ಕ ನೀಲಮ್ಮ ತವರಿಗೆ ಬಂದಾಗ ಅದನ್ನು ಬಹಳ ಹೊತ್ತು ನೋಡಿದಳು. "ಇದು ನನಗ ಕೊಡ್ತೇನೋ?" ಎಂದಳು. ಮದುವೆಯಾದ ಮೇಲೆ ಆಕೆ ನನ್ನನ್ನು ಏನನ್ನೂ ಕೇಳಿದವಳಲ್ಲ. ಹೇಗಾದರೂ ಮಾಡಿ ಚಿತ್ರ ಆಕೆಯ ಮನೆಯ ಗೋಡೆ ಏರಲೇಬೇಕು ಎಂದು ನನಗೆ ಹಟ ಹುಟ್ಟಿತು. ಆಕೆ ಮರಳಿದ ಮೇಲೆ ಕಟ್ಟು ಹಾಕಿಸಿ, ಚಕ್ಕಡಿಯಲ್ಲಿಟ್ಟುಕೊಂಡು ಉಮರ್ಗಾಕ್ಕೆ ಹೊರಟೆ. ದಾರಿಯಲ್ಲಿ ನಿಲಂಗಾದ ವಕೀಲ ಗೆಳೆಯನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ, "ಯಾರ್ ಈಕಿ? ನಿಮ್ ಪೈಕಿ ಏನು?" ಎಂದ.

ಅವನದೂ ತಪ್ಪಲ್ಲ. ನಮ್ಮ ಸೀಮೆಯಲ್ಲಿ ಕಚೇರಿಯ ಗೋಡೆಗೆ ನಮ್ಮನ್ನಾಳುವ ಹುಜೂರರು, ಮನೆಯ ಗೋಡೆಗೆ ದೇವರು. ಅಂಗೈಯಲ್ಲಿ ಲಿಂಗ ಹಿಡಿದು ಪೂಜಿಸುವ ನಮಗೆ ಗೋಡೆಯ ದೇವರು ಬೇಕೇ ಎಂಬ ಚರ್ಚೆಯನ್ನು ಸ್ವಾಮಿಗಳಿಗೆ ಬಿಡೋಣ; ಅಂತೂ ಮೊಳೆಗಳು ಆ ಇಬ್ಬರಿಗೇ ಮೀಸಲು. ಹುಜೂರರೂ ಅಲ್ಲದ, ದೇವರೂ ಅಲ್ಲದ ಒಬ್ಬ ಹೆಂಗಸಿಗೆ ಮೊಳೆ ಹೊಡೆಯುವವರು ಯಾರು?

ಅಕ್ಕನ ಅತ್ತೆ ಪಡಸಾಲೆಯಲ್ಲಿ ಚಿತ್ರ ಕಂಡವರೇ ವಿಭೂತಿ ತರಲು ಎದ್ದರು. "ಯಾವ ದೇವಿ ಅದಾಳ ತಮ್ಮಾ ಈಕಿ?"

'ಪಾರ್ವತಿ' ಎಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ದಣಿದ ಮುಖ ವಿಭೂತಿಯಲ್ಲಿ ಮುಚ್ಚಿಹೋಗುವುದನ್ನು ನೋಡಲಾರದೆ ನಿಜ ಹೇಳಿದೆ. "ದೇವಿ ಅಲ್ರೀ ಅವ್ವಾರ. ಯಾರೋ ಒಬ್ಬಾಕಿ ಹೆಣ್ಮಗಳು."

"ಮಂದಿ ಹೆಣ್ಮಗಳಿಗಿ ನಮ್ ಗ್ವಾಡಿಗಿ ಯಾಕ ಹಾಕ್ತಿ? ಆಕಿ ಮನ್ಯಾಗ ಗೊತ್ತದ ಏನು?"

ಈ ಪಾಟೀಸವಾಲಿಗೆ ನಿಲಂಗಾದ ವಕೀಲನೂ ಸೋಲುತ್ತಿದ್ದ. ಅಕ್ಕ ಚಿತ್ರವನ್ನು ತೆಗೆದುಕೊಂಡು ಒಳಗೆ ಹೋದಳು. ಆಕೆಯ ಮುಖ ನೋಡಿ ನನಗೆ ಬಹಳ ಕೆಡುಕೆನಿಸಿತು. ಊರಿಗೆ ಬಂದ ಮೇಲೂ ಕೆಲವು ದಿನ ಯಾವ ಚಿತ್ರವನ್ನೂ ಯಾರಿಗೂ ತೋರಿಸಲಿಲ್ಲ. ಗಿರಾಕಿಗಳಿಗೆ ಅನುಕೂಲವಾಯಿತು.

ಸುಗ್ಗಿ ಮುಗಿದ ಮೇಲೆ ಮತ್ತೆ ಉಮರ್ಗಾಕ್ಕೆ ಹೋದೆ. ಪಡಸಾಲೆಯ ಗೋಡೆ ಬರಿದಾಗಿತ್ತು. "ಚಿತ್ರ ಎಲ್ಲ್ಯದ ಅಕ್ಕಾ?" ಎಂದು ಮೆಲ್ಲಗೆ ಕೇಳಿದೆ.

"ಅಡಗಿ ಮನ್ಯಾಗ ಅದ. ಅತ್ತೇರೇ ಮೊಳಿ ಹೊಡಸ್ಯಾರ. ಗಂಡಸರ ಕಣ್ಣಿಗಿ ಬೀಳಬಾರದಂತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮನೆಯ ಅಡುಗೆಮನೆಗೆ ಬೀಗರ ಕಡೆಯವನು ಕಾಲಿಡುವಂತಿಲ್ಲ. ಅಂದರೆ, ಚಿತ್ರವನ್ನು ಹುಡುಕಿ ತಂದವನಿಗೇ ಇನ್ನು ಅದರ ದರ್ಶನವಿಲ್ಲ. ಅದೂ ಅಲ್ಲದೆ ಒಲೆಯ ಹೊಗೆಗೆ ಬಣ್ಣ ಎಷ್ಟು ದಿನ ತಾಳೀತು ಎಂದು ಪಡಸಾಲೆಯಲ್ಲಿ ಒಬ್ಬನೇ ಚಿಂತಿಸುತ್ತ ಊಟಕ್ಕೆ ಕಾದೆ. ಒಳಗೆ ಬೀಸುವ ಕಲ್ಲಿನ ಸದ್ದು ನಡೆದಿತ್ತು. ಇದ್ದಕ್ಕಿದ್ದಂತೆ ಅದು ನಿಂತಿತು.

ಅತ್ತೆಯ ದನಿ ಕೇಳಿಸಿತು. "ಸಾಕ ಬಿಡು ನೀಲಮ್ಮ. ಆಕಿ ಕುಂತಾಳಲ್ಲ, ನೀ ಭಿ ಜರಾ ಕುಂದ್ರು."

ಅವತ್ತು ನನ್ನ ಊಟ ತಡವಾಯಿತು. ಹಸಿವು ಜೋರಾಗಿಯೇ ಇತ್ತು. ಆದರೂ ನಾನು ಅಕ್ಕನನ್ನು ಕರೆಯಲಿಲ್ಲ.