ತಗಡಿನ ಡಬ್ಬದ ಸವತಿ

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಹಳಿ ಬೆಸೆಯುವ ಪಿಳ್ಳಪ್ಪ ಮೇಸ್ತ್ರಿಗೆ ಇಬ್ಬರು ಹೆಂಡಿರೆಂದು ಮುನಿಗಂಗಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು: ಒಬ್ಬಳು ತಾನು, ಇನ್ನೊಬ್ಬಳು ತಗಡಿನ ಡಬ್ಬದಲ್ಲಿರುವ ಪುಡಿ. ಅಲ್ಯೂಮಿನಿಯಂ ಪುಡಿಯೂ ಕಬ್ಬಿಣದ ತುಕ್ಕೂ ಬೆರೆತ ಆ ಪುಡಿ, ಕಿಡಿ ತಾಗಿಸಿದರೆ ಧಗ್ಗನೆ ಉರಿದು, ಕರಗಿದ ಕಬ್ಬಿಣವಾಗಿ ಹರಿದು, ಎರಡು ಹಳಿಗಳನ್ನು ಒಂದೇ ಮಾಡಿಬಿಡುತ್ತಿತ್ತು. ಗೋದಾಮಿನಲ್ಲಿ ತೇವವೆಂದು ಅದನ್ನು ಅವನು ಮನೆಗೇ ತಂದಿಟ್ಟುಕೊಂಡಿದ್ದ. ಕೆಲಸದಿಂದ ಬಂದವನು ಹೆಂಡತಿಯ ಮುಖ ನೋಡುವ ಮೊದಲು ಡಬ್ಬದ ಮುಚ್ಚಳ ತಡವಿ ನೋಡುತ್ತಿದ್ದ; ಮನೆಗಿದ್ದ ಒಂದೇ ಕಂಬಳಿಯೂ ಅದಕ್ಕೇ. "ನಂಗೆ ನೆಗಡಿಯಾದ್ರೆ ಮೆಣಸಿನ ಕಷಾಯ ಕುಡಿ ಅಂತಾನೆ, ಆಯಮ್ಮಂಗೆ ಮಾತ್ರ ಕಂಬ್ಳಿ ಸುತ್ತಾನೆ" ಎಂದು ಅವಳು ಪಕ್ಕದ ಮನೆಯ ಪಾಪಕ್ಕನ ಮುಂದೆ ಮೂಗು ಒರೆಸಿಕೊಳ್ಳುವಳು. ಅವನ ತೋಳಿನ ಮೇಲಿನ ಸುಟ್ಟ ಚುಕ್ಕೆಗಳನ್ನೆಲ್ಲ ಸವತಿ ಗಿಲ್ಲಿದ ಗುರುತುಗಳೆನ್ನುವಳು. ಒಂದು ಸಲ ತೇವ ಹಿಡಿದಿದ್ದ ಪುಡಿ ಉರಿಯುವಾಗ ಸಿಡಿದು ಪಿಳ್ಳಪ್ಪನ ಎಡಗಡೆಯ ಹುಬ್ಬೇ ಹಾರಿಹೋಯಿತು. ಆಗಲೂ ಅವನು, "ಆಯಮ್ಮಂದೇನು ತಪ್ಪು? ನಾನೇ ನೆನೆಯಕ್ಕೆ ಬಿಟ್ಟೆ" ಅಂದದ್ದು ಕೇಳಿ ಅವಳ ಹೊಟ್ಟೆಗೆ ಕಿಚ್ಚಿಟ್ಟಂತಾಯಿತು; ಮೂರು ದಿನ ಅವನಿಗೆ ಉಪ್ಪಿಲ್ಲದ ಸಾರು ಬಡಿಸಿದಳು. ಆಮೇಲೊಂದು ಮಧ್ಯಾಹ್ನ, ಅವನು ಉರಿಗಾಂ ಕಡೆ ಕೆಲಸಕ್ಕೆ ಹೋಗಿದ್ದಾಗ, ಗಾಳಿಮಳೆಗೆ ಮನೆಯ ಸೂರಿನ ಶೀಟು ಕಿತ್ತುಹೋಯಿತು. ಓಡಿಬಂದ ಪಾಪಕ್ಕ ನೋಡುತ್ತಾಳೆ: ಮುನಿಗಂಗಮ್ಮ ಮೈಯೆಲ್ಲ ತೊಯ್ದು ಡಬ್ಬದ ಮೇಲೆ ಕವುಚಿಕೊಂಡಿದ್ದಾಳೆ, ಡಬ್ಬಕ್ಕೆ ಕಂಬಳಿ, ಕಂಬಳಿಯ ಮೇಲೆ ಅವಳ ಧಾರೆ ಸೀರೆ. "ಇದೇನಮ್ಮಿ, ಸವತಿಗೆ ದಾರೆ ಸೀರೆ ಉಡ್ಸಿದ್ದೀಯ?" ಎಂದಳು ಪಾಪಕ್ಕ. "ಏನ್ ಮಾಡ್ಲಕ್ಕಾ," ಎಂದಳು ಮುನಿಗಂಗಮ್ಮ ಹಲ್ಲು ಕಡಿಯುತ್ತ, "ಆಯಪ್ಪಂಗೆ ಇನ್ನೂ ಒಂದು ಹುಬ್ಬು ಉಳ್ದೈತೆ."